ನಿನ್ನೆಯ ಹಾಗೆಯೇ

"ದೊಡ್ಡಪ್ಪ, ಈ ಕಾಗದ ನಿನ್ನೆ ಇಲ್ಲಿರಲಿಲ್ಲ ಅಲ್ವಾ?" ಎನ್ನುತ್ತಾ ಇಲ್ಮಾ, ಬೆಂಚಿನ ಹಿಂದಿನ ಕಂಬಕ್ಕೆ ಅಂಟಿಸಿದ್ದ ಹಸಿರು ಅಂಚಿನ ಕಾಗದವನ್ನು ಉಗುರಿನಿಂದ ಕೀಳತೊಡಗಿದಳು. ಸಿನಿಮಾದವರ ಪೈಕಿ, ನಿನ್ನೆ ಯಾರು ಹೇಗಿದ್ದರೋ ಇವತ್ತೂ ಹಾಗೇ ಇರುವಂತೆ ನೋಡಿಕೊಳ್ಳುವ ಕೆಲಸ ಅವಳದು.

"ಎಲ್ಲಿಂದ ಇರುತ್ತೆ ಮಗಾ? ನಿನ್ನೆ ಅವನು ಬದುಕಿದ್ದ," ಎಂದ ಹಮ್ದಿಯಾ.

ಹುಡುಗಿಯ ಕೈ ನಿಂತಿತು. ಕಾಗದದ ಮೇಲಿದ್ದ ಫೋಟೋ ನೋಡಿದಳು, ಆಮೇಲೆ ಖಾಲಿ ಬೆಂಚು ನೋಡಿದಳು. ನಿನ್ನೆ ಇದೇ ಬೆಂಚಿನ ಮೇಲೆ ಹಮ್ದಿಯಾನ ಪಕ್ಕ ಕೂತಿದ್ದ ಮುದುಕ, ಬೆಚಿರ್. ಬೆಳಗಿನ ಜಾವ ಎದೆ ಹಿಡಿದುಕೊಂಡನಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಳಿಹೊತ್ತಿನ ನಮಾಜಾದ ಮೇಲೆ ಮಣ್ಣು ಎಂದು ಕಾಗದದಲ್ಲಿ ಬರೆದಿತ್ತು. ಹೋಗಿಬರುವ ಜನಕ್ಕೆ ತಿಳಿಯಲಿ ಎಂದು ಹಮ್ದಿಯಾನೇ ಅದನ್ನು ಅಂಟಿಸಿ, ಅಲ್ಲೇ ಕಂಬಕ್ಕೆ ಒರಗಿ ನಿಂತುಬಿಟ್ಟಿದ್ದ. ಮನೆಗೆ ಹೋಗಲು ಕಾಲೇಳಲಿಲ್ಲ.

ಸಾರಾಯೆವೊದ ಈ ಬೀದಿಗೆ ಕ್ಯಾಮೆರಾ ಬರುವುದು ಹೊಸದಲ್ಲ. ಬಂದವರೆಲ್ಲ ಯುದ್ಧದ ಕಾಲದಲ್ಲಿ ಗುಂಡು ಎಲ್ಲಿ ಬಿತ್ತು, ಯಾರ ಮನೆಯಲ್ಲಿ ಎಷ್ಟು ಜನ ಹೋದರು ಎಂದು ಕೇಳಿಕೊಂಡು ಹೋಗುತ್ತಿದ್ದರು. ಇವರು ಅದನ್ನು ಕೇಳಲಿಲ್ಲ. ಟ್ರಾಮಿಗೆ ಕಾಯುವ ಒಬ್ಬ ನರ್ಸಿನ ಕಥೆಯಂತೆ; ಅವಳ ಹಿಂದೆ ಇಬ್ಬರು ಮುದುಕರು ಸುಮ್ಮನೆ ಕೂತಿರಬೇಕಂತೆ. "ಸುಮ್ಮನೆ ಕೂರೋದ್ರಲ್ಲಿ ನಮ್ಮನ್ನ ಮೀರಿಸೋರು ಯಾರಿದ್ದಾರೋ!" ಎಂದು ಬೆಚಿರ್ ನಿನ್ನೆ ಕೆಂಪು ಟೈ ಕಟ್ಟಿಕೊಂಡೇ ಬಂದಿದ್ದ. ಜಗಳ ಹತ್ತಿದ್ದೂ ಆ ಟೈಯಿಂದಲೇ. "ಏನೋ ಮದುವೆ ಗಂಡು, ಹುಡುಗಿ ಎಲ್ಲಿ?" ಎಂದು ಹಮ್ದಿಯಾ ಛೇಡಿಸಿದ. "ಮತ್ತೆ, ನಿನ್ನ ಥರ ಮುದುಡಿದ ಕಾಲರ್ ಹಾಕ್ಕೊಂಡು ಬರಲಾ? ಝುಮ್ರಾ ಹೋದ ಮೇಲೆ ನೀನು ಇಸ್ತ್ರಿಪೆಟ್ಟಿಗೆ ಮುಖಾನೇ ನೋಡಿಲ್ಲ," ಅಂದುಬಿಟ್ಟ ಬೆಚಿರ್. ಸತ್ತ ಹೆಂಡತಿಯ ಹೆಸರು ಬಂದದ್ದೇ ತಡ, ಹಮ್ದಿಯಾ ಮುಖ ತಿರುಗಿಸಿದ. ಶೂಟಿಂಗ್ ಮುಗಿಯುವವರೆಗೂ ಹಾಗೇ ಕೂತಿದ್ದು, ಬರ್ತೀನಿ ಅನ್ನುವ ಒಂದು ಮಾತೂ ಇಲ್ಲದೆ ಎದ್ದು ಹೋದ.

ಇಲ್ಮಾ ಹತ್ತಿರ ಬಂದಳು. "ತಪ್ಪು ತಿಳೀಬೇಡಿ ದೊಡ್ಡಪ್ಪ. ನಿನ್ನೆಯ ದೃಶ್ಯ ಅರ್ಧ ಉಳಿದಿದೆ. ಇಲ್ಲಿ ತೆಗೆಯೋಕೆ ಅನುಮತಿ ಇರೋದು ಇವತ್ತು ಮಧ್ಯಾಹ್ನದವರೆಗೆ. ಹಿಂದುಗಡೆ ಇಬ್ಬರು ಇಲ್ಲದಿದ್ರೆ ನಿನ್ನೆ ತೆಗೆದದ್ದನ್ನೆಲ್ಲ ಕಿತ್ತು ಹಾಕಬೇಕು."

"ಅಂದ್ರೆ, ಬೆಚಿರ್ ಸಿನಿಮಾದಲ್ಲಿ ಇರಲ್ವಾ?"

"ಇರಲ್ಲ."

ಉಳಿದ ಅಂಟನ್ನು ಹಮ್ದಿಯಾ ತಾನೇ ಬಿಡಿಸಿ ಕಾಗದವನ್ನು ಅವಳ ಕೈಗಿಟ್ಟ. "ಕಾಗದ ಎಸೀಬೇಡ. ಎದುರಿನ ಬೇಕರಿ ಬಾಗಿಲಿಗೆ ಅಂಟಿಸು. ರೊಟ್ಟಿಗೆ ಬರೋರು ಓದ್ಕೋತಾರೆ," ಎಂದು ಹೇಳಿ ಬೆಂಚಿನ ಮೇಲೆ ಕೂತ.

ಬೆಚಿರನ ಜಾಗಕ್ಕೆ ಸ್ಲಾವ್ಕೊ ಎನ್ನುವ, ಕೆಲಸದಿಂದ ನಿವೃತ್ತನಾದ ಟ್ರಾಮ್ ಡ್ರೈವರನನ್ನು ಕರೆತಂದರು. ತಲೆಗೆ ಕರಿ ಟೋಪಿ, ಕುತ್ತಿಗೆಗೆ ಕೆಂಪು ಟೈ. ದೂರದಿಂದ ನೋಡಿದರೆ ಬೆಚಿರನೇ.

"ವಿಷಯ ಹೇಳಿದ್ರು. ಏನ್ಮಾಡೋಕಾಗುತ್ತೆ," ಎಂದ ಸ್ಲಾವ್ಕೊ, ಟೈಯೊಳಗೆ ಬೆರಳು ತೂರಿಸುತ್ತಾ. "ಇದು ಗಂಟಲು ಹಿಸುಕ್ತಿದೆ ಮಾರಾಯ್ರೆ. ಅವರು ಹೇಗೆ ತಡ್ಕೊಂಡ್ರೋ."

"ಅವನು ಉಸಿರು ನಿಂತ್ರೂ ಬಿಚ್ಚೋನಲ್ಲ," ಎಂದ ಹಮ್ದಿಯಾ ತಾನೇ ಆಡಿದ ಮಾತಿಗೆ ತುಟಿ ಕಚ್ಚಿಕೊಂಡ.

ಮಣ್ಣಿಗೆ ಹೋಗಲೆಂದು ಹಮ್ದಿಯಾ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿದ್ದ, ಎಷ್ಟೋ ವರ್ಷದ ಮೇಲೆ. ಇಲ್ಮಾ ನೋಟ್‌ಬುಕ್ಕಿನ ಹಾಳೆ ತಿರುವಿ, "ನಿನ್ನೆ ಮುದುಡಿತ್ತು," ಎಂದು ಕಾಲರನ್ನು ಎರಡೂ ಕೈಯಲ್ಲಿ ಹಿಸುಕಿ ಮುದುಡಿಸಿದಳು. ಅವನು ಕತ್ತು ಮುಂದೆ ಚಾಚಿಕೊಟ್ಟ.

ಇಳಿಹೊತ್ತಿಗೆ ಗೋರಿಯ ಬಳಿ ಇಮಾಮರು ಮೂರು ಸಲ ಕೇಳುತ್ತಾರೆ, ಹೋದವನನ್ನು ಮನ್ನಿಸಿದಿರಾ ಎಂದು. ಮನ್ನಿಸಿದೆವು ಎಂದು ಎಲ್ಲರೂ ಹೇಳುತ್ತಾರೆ. ಹೋದವನು ತಮ್ಮನ್ನು ಮನ್ನಿಸಿದನೇ ಎಂದು ಯಾರನ್ನು ಕೇಳುವುದು? ಕ್ಯಾಮೆರಾ ಓಡಿತು. ಮುಂದೆ ನರ್ಸು ಚೀಲ ಹಿಡಿದು ಟ್ರಾಮಿನ ದಾರಿ ನೋಡತೊಡಗಿದಳು. ಹಿಂದೆ ಹಮ್ದಿಯಾ ಪಕ್ಕದವನ ಕಡೆ ಪೂರ್ತಿ ತಿರುಗಿ, ಅವನ ಟೋಪಿಯನ್ನೂ ಟೈಯನ್ನೂ ನೋಡುತ್ತಾ, "ಮನಸ್ಸಿಗೆ ಹಚ್ಕೋಬೇಡ ಕಣೋ ಬೆಚಿರ್. ಟೈ ಚೆನ್ನಾಗೇ ಇತ್ತು," ಎಂದ.

"ನಿಲ್ಸಿ, ನಿಲ್ಸಿ!" ನಿರ್ದೇಶಕನ ಕೂಗು. ಇಲ್ಮಾ ಓಡಿ ಬಂದಳು.

"ದೊಡ್ಡಪ್ಪ, ನಿನ್ನೆ ನೀವು ಅವರ ಕಡೆ ನೋಡಲೇ ಇಲ್ಲ. ಒಂದು ಸಲಾನೂ ನೋಡಿಲ್ಲ. ಇಲ್ಲಿ ಬರ್ಕೊಂಡಿದ್ದೀನಿ."

"ಗೊತ್ತು ಮಗಾ."

"ಈಗ ನೋಡಿದ್ರೆ ಅದಕ್ಕೂ ಇದಕ್ಕೂ ಹೊಂದಲ್ಲ. ನಿನ್ನೇದು ಕೆಟ್ಟುಹೋಗುತ್ತೆ."

"ಕೆಟ್ರೆ ಅವನು ಇರಲ್ಲ."

"ಹೂಂ."

ಹಮ್ದಿಯಾ ಮೊಣಕಾಲಿನ ಮೇಲೆ ಎರಡೂ ಕೈ ಊರಿದ. ಮಣಭಾರದ ಬಾಗಿಲೊಂದನ್ನು ಎಳೆಯುವವನ ಹಾಗೆ, ನಿಧಾನವಾಗಿ, ಬೀದಿಯ ಆ ತುದಿಯ ಕಡೆಗೆ ಮುಖ ತಿರುಗಿಸಿದ.

"ಭಲೇ!" ಎಂದು ನಿರ್ದೇಶಕ ಕ್ಯಾಮೆರಾದ ಹಿಂದಿನಿಂದ ಕೂಗಿದ. "ಕೋಪ ನಿನ್ನೆಗಿಂತ ಚೆನ್ನಾಗಿ ಬಂತು! ಹಾಗೇ ಇರಿ ದೊಡ್ಡಪ್ಪ, ಈ ಕಡೆ ತಿರುಗಬೇಡಿ. ಇನ್ನೊಂದು ಸಲ."