ಇದ್ದಿಲ ಗೆರೆಗಳು

ಹಲ್ಲಿನ ಆಸ್ಪತ್ರೆಯ ಲವಂಗದೆಣ್ಣೆ ವಾಸನೆ ಮೂಗಿಗೆ ಬಡಿದರೆ, ಈಗಲೂ ನನಗೆ ಸಿಂಗಟಗೆರೆಯ ನಮ್ಮಜ್ಜಿಯ ಅಡುಗೆಮನೆ ಗೋಡೆ ನೆನಪಾಗುತ್ತದೆ.

ಅಜ್ಜಿ ದಿನಾ ಇದ್ದಿಲು, ಉಪ್ಪು ಕುಟ್ಟಿದ ಪುಡಿಯಲ್ಲಿ ಹಲ್ಲುಜ್ಜುತ್ತಿದ್ದಳು. ರಕ್ತ ಬಂದಷ್ಟೂ ಇನ್ನೂ ಗಟ್ಟಿಯಾಗಿ ತಿಕ್ಕುತ್ತಿದ್ದಳು. ಕೊನೆಗೆ ಕೊಬ್ಬರಿ ಚೂರು ಕಚ್ಚಲೂ ಆಗದೆ ಹೋದಾಗ, ನನ್ನ ಕೈಹಿಡಿದು ಹಲ್ಲಿನ ಆಸ್ಪತ್ರೆಗೆಂದು ಕಡೂರಿನ ಬಸ್ಸಿಗೆ ಹೊರಟಳು. ದೊಡ್ಡಪ್ಪ ಬಾಗಿಲಲ್ಲೇ ತಡೆದ.

"ಕ್ಲೀನ್ ಮಾಡಿಸ್ಬೇಡ ಕಣವ್ವ. ಹಲ್ಲಿನ್ ಮೇಲೆ ಕಟ್ಟಿರೋ ಗಾರೆನೇ ಅವನ್ನ ಹಿಡ್ಕಂಡಿರೋದು. ತೆಗೆಸಿದ್ರೆ ಎಲ್ಲಾ ಉದುರೋಗ್ತವೆ."

"ಉದುರಿದ್ರೆ ನನ್ ಹಲ್ಲು ತಾನೇ? ನೀನ್ ಸುಮ್ಕಿರು."

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಯಂತ್ರ ಗುಂಯ್ಗುಡುವಷ್ಟು ಹೊತ್ತೂ ಅಜ್ಜಿ ನನ್ನ ಬೆರಳು ಹಿಂಡುತ್ತಲೇ ಇದ್ದಳು. ಕಿತ್ತು ಬಂದ ಗಾರೆಯ ಚೂರುಗಳು ಹಳದಿಗಟ್ಟಿದ ಅಕ್ಕಿನುಚ್ಚಿನ ಹಾಗಿದ್ದವು. ನಾಲಗೆಗೆ ಹಲ್ಲುಗಳ ನಡುವೆ ಸಂದು ಸಿಕ್ಕಾಗ ಅವಳ ಮುಖ ಸಣ್ಣಗಾಯಿತು.

"ಸಂದು ಮೊದ್ಲೇ ಇತ್ತು ಅಜ್ಜಿ, ಗಾರೆ ಮುಚ್ಕೊಂಡಿತ್ತು. ಇದ್ದಿಲು ಬಿಟ್ಟು ಮೆತ್ತನೆ ಬ್ರಷ್ ಹಿಡೀರಿ. ಆರು ತಿಂಗಳಿಗೆ ಮತ್ತೆ ಬನ್ನಿ," ಎಂದರು ಡಾಕ್ಟರಮ್ಮ.

ಮನೆಗೆ ಬಂದವಳೇ ಪುಡಿಯನ್ನೆಲ್ಲ ತೆಂಗಿನ ಬುಡಕ್ಕೆ ಸುರಿದಳು. ಕುಟ್ಟಲು ಇಟ್ಟಿದ್ದ ಇದ್ದಿಲ ತುಂಡೊಂದನ್ನು ಮಾತ್ರ ಉಳಿಸಿಕೊಂಡು, ಅಡುಗೆಮನೆ ಗೋಡೆಯ ಮೇಲೆ ಆರು ಗೆರೆ ಎಳೆದಳು. ಪ್ರತಿ ಅಮಾವಾಸ್ಯೆಗೆ ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಕೊನೆಯ ಗೆರೆ ಒರೆಸಿದ ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಎದ್ದು ಬಂದಾಗ, ಅಜ್ಜಿ ಸೀರೆ ಬದಲಿಸಿ ಜಗಲಿಯ ಮೇಲೆ ಕೂತು ಕೊಬ್ಬರಿ ಅಗಿಯುತ್ತಿದ್ದಳು.

"ಅಂಗಿ ಹಾಕ್ಕಳ್ಳೋ," ಎಂದಳು. "ಇವತ್ತು ನಿನ್ ಗಾರೆನೂ ತೆಗೆಸ್ಬೇಕು."