ಬೋರ್ಡಿನ ಹಿಂದಿನ ಕಿಟಕಿ

ಟಪ್, ಟಪ್. ಮಹಡಿಯ ಮೇಲಿನ ಜಾಹೀರಾತು ಬೋರ್ಡಿನ ಹಗ್ಗವೊಂದು ಸಡಿಲವಾಗಿ ಕಬ್ಬಿಣದ ಚೌಕಟ್ಟಿಗೆ ಬಡಿಯುತ್ತಿತ್ತು. ಕೆಳಗೆ ಮಲಗಿದ್ದ ಹಿರಿಸೊಸೆ ಎದ್ದು ಕುಳಿತಳು. ಮನೆ ಪಾಲಾದಾಗ ಹಟ ಹಿಡಿದು ಕೆಳಮನೆಯನ್ನು ಆರಿಸಿಕೊಂಡವಳು ಅವಳೇ. ಆಮೇಲೆ ಓರಗಿತ್ತಿಯ ಪಾಲಿನ ಮಹಡಿಗೆ ಬೋರ್ಡು ಬಂತು, ಅದರ ಬಾಡಿಗೆಯೂ ಬಂತು. ಇವಳ ಹೊಟ್ಟೆಕಿಚ್ಚು ಮಾತ್ರ ಆರಲೇ ಇಲ್ಲ.

ಅಡುಗೆಮನೆಯ ಚಾಕು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿದಳು. ಫ್ಲೆಕ್ಸು ಕಳಚಿಬಿದ್ದರೆ ಜಾಹೀರಾತು ಕಂಪನಿಯವರು ಬೇರೆ ಮನೆ ನೋಡಿಕೊಂಡಾರು. ಉಳಿದ ಹಗ್ಗಗಳನ್ನೂ ಕೊಯ್ದಳು. ಅದರ ಮೇಲೆ ಸೋಪು ಹಿಡಿದು ನಗುತ್ತಿದ್ದ ಸುಂದರಿ ಮಡಚಿಕೊಂಡು ಜಾರಿಬಿದ್ದಳು.

ಹಿಂದಿದ್ದ ಕಿಟಕಿ ತೆರೆಯಿತು. ಓರಗಿತ್ತಿ ಕಣ್ಣು ಮುಚ್ಚಿ ಮುಖವನ್ನು ಗಾಳಿಗೊಡ್ಡಿದಳು. ಕಣ್ಣು ಬಿಟ್ಟರೆ ಎದುರಿಗೇ ಇವಳು.

"ಅಕ್ಕಾ, ನೀವಾ?"

"ಹಗ್ಗ ಬಡ್ಕೋತಿತ್ತು ಕಣೇ, ಕಟ್ಟೋಣ ಅಂತ ಬಂದೆ." ಚಾಕು ಬೆನ್ನ ಹಿಂದೆ ಸರಿಯಿತು.

"ಈಗ್ಲೇ ಕಟ್ಬೇಡಿ ಅಕ್ಕಾ. ಬೋರ್ಡು ಬಂದಾಗಿಂದ ಈ ಕೋಣೆಗೆ ಗಾಳೀನೇ ಇಲ್ಲ. ನಿಮ್ಮ ಕಿಟಕಿ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ?"

ಹಿರಿಸೊಸೆಯ ಹೊಟ್ಟೆಕಿಚ್ಚಿಗೆ ತಣ್ಣೀರು ಹೊಯ್ದಂತಾಯಿತು. ಬೆಳಗಾಗುವ ಮೊದಲೇ ಹೊಸ ಹಗ್ಗ ತಂದು, ಆ ಕಿಟಕಿಗೆ ಒಂದಿಷ್ಟೂ ಗಾಳಿ ನುಸುಳದಂತೆ ಬೋರ್ಡನ್ನು ಬಿಗಿಯಾಗಿ ಕಟ್ಟಿಬಿಡಬೇಕು, ಚಾಕುವಿನ ವಿಷಯ ಗಂಡನಿಗೂ ಹೇಳಬಾರದು ಎಂದುಕೊಂಡಳು.