ಕಿಸೆಯಲ್ಲಿದ್ದ ತೋಟಾ

ಅಮೋಘಸಿದ್ಧ ಚಹಾ ತರಲು ಹೊಸ್ತಿಲು ದಾಟಿದ್ದೇ ತಡ, ಧೋಂಡಪ್ಪ ಮೇಜಿನ ಮೇಲಿದ್ದ ಎರಡೂ ತಗಡಿನ ಡಬ್ಬಿಗಳ ಮುಚ್ಚಳ ತೆಗೆದ. ತನ್ನ ಬಂದೂಕಿನ ತೋಟಾಗಳನ್ನು ಅವನ ಡಬ್ಬಿಗೂ ಅವನವನ್ನು ತನ್ನ ಡಬ್ಬಿಗೂ ತುಂಬಿ ಮುಚ್ಚಿದ. ತನ್ನದೊಂದನ್ನು ಮಾತ್ರ ಕೋಟಿನ ಕಿಸೆಗೆ ಇಳಿಬಿಟ್ಟ. ಎಲ್ಲ ಮುಗಿದ ಮೇಲೆ ಏನೂ ಅರಿಯದವನ ಹಾಗೆ ಬಂದೂಕು ಒರೆಸತೊಡಗಿದ.

ಸಾಂಗಲಿ, ಮಿರಜ ಎರಡೂ ಸಂಸ್ಥಾನಗಳು ಮುಂಬೈ ಸರಕಾರದಲ್ಲಿ ವಿಲೀನವಾಗಿ, ಎರಡೂ ಕಡೆಯ ಬಂದೂಕುಗಳು ಸಾಂಗಲಿಯ ಈ ಒಂದೇ ಕೋಣೆಗೆ ಬಂದು ಬಿದ್ದಿದ್ದವು. ಬಂದೂಕುಗಳ ಬೆನ್ನಿಗೆ ಅವನ್ನು ನೋಡಿಕೊಳ್ಳುವವರೂ ಬಂದರು: ಸಾಂಗಲಿಯ ಧೋಂಡಪ್ಪ, ಮಿರಜಿನ ಅಮೋಘಸಿದ್ಧ. ನೌಕರಿ ಮಾತ್ರ ಒಬ್ಬನಿಗೆ. ಹೊಸ ಜಿಲ್ಲೆಯಲ್ಲಿ ಧ್ವಜ ಏರಿಸುವ ದಿನ ಎರಡೂ ಸಂಸ್ಥಾನದ ಹಳೆಯ ಕರಿಮದ್ದಿನ ಬಂದೂಕುಗಳಿಂದ ಸಲಾಮಿ ಹಾರಿಸಬೇಕಿತ್ತು. ಅವಕ್ಕೆ ವಿಲಾಯತಿ ತೋಟಾ ಬರುವುದು ಎಂದೋ ನಿಂತುಹೋಗಿತ್ತು. ಇಬ್ಬರೂ ತಂತಮ್ಮ ಬಂದೂಕಿಗೆ ತೋಟಾ ಮಾಡಿ ಇಂದು ಕೋಣೆಯ ಉಸ್ತುವಾರಿಯ ಸಾಹೇಬರ ಮುಂದೆ ಹಾರಿಸಬೇಕು. ಯಾರ ಬಂದೂಕು ಸದ್ದು ಮಾಡುತ್ತದೋ ಅವನು ಉಳಿದ, ಇನ್ನೊಬ್ಬ ಮನೆಗೆ ಹೋದ.

ತೋಟಾ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಬೇರೆ ಜಾತಿಯ ಬಂದೂಕಿನ, ತುಸು ತೆಳ್ಳಗಿನ ಖಾಲಿ ಹಿತ್ತಾಳೆ ತೋಟಾಕ್ಕೆ ತಳದಲ್ಲಿ ಚೂರು ಮದ್ದು, ಅದರ ಮೇಲೆ ಉಪ್ಪಿಟ್ಟಿನ ರವೆ, ಬಾಯಿಗೆ ಮೇಣ. ಬಂದೂಕಿಗೇರಿಸಿ ಆಕಾಶಕ್ಕೆ ಹಾರಿಸಿದರೆ ಹಿತ್ತಾಳೆ ಉಬ್ಬಿ ಆ ಬಂದೂಕಿನ ಹೊಟ್ಟೆಯ ಅಳತೆಗೇ ಬರುತ್ತದೆ. ಆಮೇಲೆ ಅದಕ್ಕೆ ಸಲಾಮಿಯ ಮದ್ದು ತುಂಬಿದರಾಯಿತು. ಆದರೆ ಕಾಲಿಗೆ ಪಳಗಿದ ಚಪ್ಪಲಿಯ ಹಾಗೆ, ಒಂದರದು ಇನ್ನೊಂದಕ್ಕೆ ಆಗದು. ಸಾಂಗಲಿಯ ಬಂದೂಕಿಗೆ ತೋಟಾದ ಬುಡ ಅಗಲ ಬೇಕು, ಮಿರಜಿನದಕ್ಕೆ ಕತ್ತು. ಕಣ್ಣಿಗೆ ಕಾಣದಷ್ಟು ಫರಕು, ಬಂದೂಕಿಗೆ ಮಾತ್ರ ಗೊತ್ತಾಗುತ್ತದೆ.

ಕೆಲಸದಲ್ಲಿ ಧೋಂಡಪ್ಪ ಯಾರಿಗೂ ಕಡಿಮೆಯಿರಲಿಲ್ಲ. ಹೊಟ್ಟೆಕಿಚ್ಚಿನಲ್ಲೂ ಅಷ್ಟೇ. ಅವನ ಹೆಂಡತಿ ತುಳಸವ್ವ ರವೆ ಕೊಡುವಾಗಲೆಲ್ಲ "ಇದು ತಿನ್ನಾಕೋ, ಸುಡಾಕೋ?" ಎಂದು ಬೈಯುತ್ತಿದ್ದಳು, ಅಮೋಘಸಿದ್ಧನ ಹೆಂಡತಿ ಜರಡಿ ಹಿಡಿದ ರವೆಯನ್ನು ಮಿರಜಿನಿಂದ ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿದ್ದಳು. ಅದನ್ನಾದರೂ ಸಹಿಸಬಹುದಿತ್ತು. ಬೆಳಗಾವಿ ಕಡೆಯ ಆ ಸಾಹೇಬರು ಇವನನ್ನು "ಏ ಧೋಂಡಪ್ಪ" ಎಂದು ಕೂಗಿ, ನಿನ್ನೆ ಮೊನ್ನೆ ಬಂದವನನ್ನು "ಅಮೋಘಸಿದ್ಧರಾವ್" ಎನ್ನುತ್ತಿದ್ದರು. ಆ 'ರಾವ್' ಕಿವಿಗೆ ಬಿದ್ದಾಗಲೆಲ್ಲ ಧೋಂಡಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

"ತಗೋರಿ ಧೋಂಡಪ್ಪಣ್ಣಾ, ಸಕ್ರಿ ಜಾಸ್ತಿ ಹಾಕಿಸೇನಿ" ಎನ್ನುತ್ತ ಅಮೋಘಸಿದ್ಧ ಚಹಾ ತಂದ. ಇನ್ನೇನು ಗಂಟುಮೂಟೆ ಕಟ್ಟುವವನ ಕೈಯ ಚಹಾ ಧೋಂಡಪ್ಪನಿಗೆ ಬಹಳ ರುಚಿಯಾಗಿತ್ತು. ಆ ಖುಷಿಯಲ್ಲಿ, ಎಂದೂ ಇಲ್ಲದ್ದು, ಎರಡೂ ಕಪ್ಪುಗಳನ್ನು ತಾನೇ ತೊಳೆಯಲು ಹಿತ್ತಲಿಗೆ ಹೋದ.

ಸಾಹೇಬರು ಬಂದರು. "ಮೊದಲ ಮಿರಜ" ಎಂದರು.

ಅಮೋಘಸಿದ್ಧನ ಕೈ ಕೋಟಿನ ಕಿಸೆಗೆ ಹೋಯಿತು.

"ಕಿಸೆದಾಗಿಂದು ಬ್ಯಾಡ ಅಮೋಘಸಿದ್ಧರಾವ್, ಡಬ್ಬ್ಯಾಗಿಂದು ತಗೀರಿ."

ಅಮೋಘಸಿದ್ಧನ ಮುಖ ಬಿಳಿಚಿಕೊಂಡಿತು. ಡಬ್ಬಿಯ ತೋಟಾ ತೆಗೆದು ಬಂದೂಕಿಗಿಟ್ಟ. ಈಗ ಸಿಕ್ಕಿಕೊಳ್ಳುತ್ತದೆ ಎಂದು ಧೋಂಡಪ್ಪ ಕತ್ತು ಉದ್ದ ಮಾಡಿ ನೋಡಿದ. ತೋಟಾ ಬೆಣ್ಣೆಯಲ್ಲಿ ಚಾಕು ಇಳಿದಂತೆ ಒಳಗೆ ಹೋಯಿತು. ಢಂ ಎಂದಿತು, ಅಂಗಳದ ತುಂಬ ಬಿಳಿ ಹೊಗೆ. ಧೋಂಡಪ್ಪ ಬಾಯಿ ತೆರೆದು ನಿಂತ. ಅಮೋಘಸಿದ್ಧನ ಬಾಯಿ ಅವನದಕ್ಕಿಂತ ದೊಡ್ಡದಾಗಿ ತೆರೆದಿತ್ತು. ತನ್ನ ತೋಟಾ ತನ್ನ ಬಂದೂಕಿಗೆ ಹೋದರೆ ಯಾರಾದರೂ ಇಷ್ಟು ಬೆರಗಾಗುತ್ತಾರೆಯೇ?

"ಏ ಧೋಂಡಪ್ಪ, ನೀನೂ ಡಬ್ಬ್ಯಾಗಿಂದ ತಗಿ!"

ಆಗಲೇ ಕಿಸೆಯಲ್ಲಿದ್ದ ಕೈಯನ್ನು ಧೋಂಡಪ್ಪ ಹೊರಗೆಳೆದ. ಡಬ್ಬಿಯಿಂದ ಒಂದು ತೋಟಾ ತೆಗೆದು, ಕುಲದೇವರನ್ನು ನೆನೆದು ಬಂದೂಕಿಗಿಟ್ಟ. ಅದೂ ಹೋಯಿತು. ಅದೂ ಢಂ ಎಂದಿತು. ಆಗ ಅವನಿಗೆ ತಿಳಿಯಿತು. ತಾನು ಕಪ್ಪು ತೊಳೆಯಲು ಹೋದಾಗ ಅಮೋಘಸಿದ್ಧನೂ ಇದೇ ಕೆಲಸ ಮಾಡಿದ್ದ. ಎರಡು ಸಲ ಅದಲುಬದಲಾಗಿ ತೋಟಾಗಳು ತಂತಮ್ಮ ಡಬ್ಬಿ ಸೇರಿದ್ದವು.

"ಇಬ್ರದೂ ಸರಿ ಬಂತಲ್ಲ, ಯಾರನ್ನ ಇಟಗೊಳ್ಳಲಿ? ಏ ಧೋಂಡಪ್ಪ, ನೀನ ಹೇಳಪಾ, ಅಮೋಘಸಿದ್ಧರಾವ್ ಹೆಂಥಾ ಮನಷ್ಯಾ?"

ಅಮೋಘಸಿದ್ಧ ನೆಲ ನೋಡುತ್ತಿದ್ದ. ಹೇಳಿದರೆ ಇಬ್ಬರದೂ ಹೇಳಬೇಕು.

"ಥೇಟ ನನ್ನಂಥಾವ್ರ ಅದಾರ್ರಿ, ಸಾಹೇಬ್ರ."

"ಶಾಬ್ಬಾಸ್! ಎದುರಾಳಿನ ಹಿಂಗ ಹೊಗಳಾವ ಎಲ್ಲಿ ಸಿಗತಾನ? ನಾ ಮ್ಯಾಲಿನವ್ರ ಜೋಡಿ ಮಾತಾಡತೇನಿ. ಇಬ್ರೂ ಇರ್ರಿ, ಇದ ಕೋಣ್ಯಾಗ, ಅಣ್ಣತಮ್ಮರಂಗ!" ಸಾಹೇಬರು ಹೊರಟುಹೋದರು. ಒಂದು ಒರೆಯಲ್ಲಿ ಎರಡು ಕತ್ತಿ ಇರಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೋಣೆಗೆ ಬಂದು ಇಬ್ಬರೂ ತಂತಮ್ಮ ಕಿಸೆಯ ತೋಟಾ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮನ್ನ ನೋಡಿದ್ರ ಹೊಟ್ಟಿ ಉರೀತಿತ್ರಿ ಧೋಂಡಪ್ಪಣ್ಣಾ," ಎಂದ ಅಮೋಘಸಿದ್ಧ. "ಸಾಹೇಬ್ರು ನಿಮ್ಮನ್ನ ಏ ಅಂತ ಕರೀತಾರ, ಮನಿ ಮಂದೀನ ಕರದಂಗ. ನನಗ ನೋಡ್ರಿ, ರಾವ್ ಅಂತಾರ. ಬೀಗರಿಗೆ ಅಂದಂಗ."

ಅಷ್ಟರಲ್ಲಿ ಗೇಟಿನ ಬಳಿ ಚಹಾ ಮಾರುವ ಸರುಬಾಯಿ ಕೂಗಿದಳು: "ಚಾ ಆಗೇತ್ರಿ! ಯಾರ ಬರತೀರಿ?"

ಧೋಂಡಪ್ಪ ಡಬ್ಬಿಗಳ ಕಡೆ ನೋಡಿದ. ಅಮೋಘಸಿದ್ಧನೂ ನೋಡಿದ. ಸರುಬಾಯಿ ಮತ್ತೊಮ್ಮೆ ಕೂಗಿದಳು, ಚಹಾ ಆರತೊಡಗಿದೆ ಎಂದಳು. ಒಳಗೆ ಯಾರೂ ಏಳಲಿಲ್ಲ.